ಕಣ್ಣೀರು ಒರೆಸದಿರಲು ಕಲಿತ ನರ್ಸಕ್ಕ

ನನ್ನ ತಂಗಿ ತೀರಿಕೊಂಡ ಸುದ್ದಿ ಬಂದಾಗ ಬೆಳಗಿನ ಐದೂವರೆ. ಅವಳು ವೈದ್ಯೆಯಾಗಿ ಮೂವತ್ತು ವರ್ಷ ದುಡಿದ ಆಸ್ಪತ್ರೆಗೆ ನಾನೇ ಹೋಗಿ ತಿಳಿಸಬೇಕಾಯಿತು. ಮಾನಸಿಕ ಚಿಕಿತ್ಸಾ ವಿಭಾಗದ ಕೊನೆಯ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ನಡುವಯಸ್ಸಿನ ಹೆಂಗಸೊಬ್ಬರು ಕುರ್ಚಿಗಳನ್ನು ದುಂಡಗೆ ಜೋಡಿಸುತ್ತಿದ್ದರು. ನನ್ನ ಮುಖ ನೋಡಿದವರೇ ಕೇಳಿದರು, "ಡಾಕ್ಟ್ರಮ್ಮ ಹೋಗ್ಬಿಟ್ರಾ?" ನಾನು ತಲೆಯಾಡಿಸಿದೆ. ನನ್ನನ್ನು ಕೂರಿಸಿ ತಾವೂ ಎದುರಿಗೆ ಕುಳಿತರು. ಅರ್ಧ ಗಂಟೆ ಒಂದು ಮಾತೂ ಆಡಲಿಲ್ಲ. ಆ ದಿನ ಅಂಥ ಸಾಂತ್ವನ ನನಗೆ ಬೇರೆ ಯಾರಿಂದಲೂ ಸಿಗಲಿಲ್ಲ.

ಅವರನ್ನು ಎಲ್ಲರೂ ಕರೆಯುವುದು ನರ್ಸಕ್ಕ ಎಂದೇ. ಹದಿನಾರು ವರ್ಷಗಳಿಂದ ಈ ವಾರ್ಡಿನ ನಲವತ್ತು ಹಾಸಿಗೆಗಳ ಆರೈಕೆ ಅವರದು. ದಿನಕ್ಕೆ ಎಂಟು ಗಂಟೆ ಡ್ಯೂಟಿ, ಅದಕ್ಕೂ ಮೊದಲು ಎರಡು ಗಂಟೆ ಓದು. ಇಬ್ಬರು ಮಕ್ಕಳಾದ ಮೇಲೆ ಮನೆಯಲ್ಲೇ ಓದಿ ಮನಶ್ಶಾಸ್ತ್ರದ ಎಂ.ಎ. ಮುಗಿಸಿ, ಚಿಕಿತ್ಸಾ ಮನೋವಿಜ್ಞಾನದ ತರಬೇತಿಗೆ ಸೇರಿದವರು. "ಮಾತ್ರೆ ಕೊಟ್ಟು ಮನೆಗೆ ಕಳಿಸ್ತಿದ್ವಿ. ಮೂರು ತಿಂಗಳಿಗೆ ಅದೇ ಮುಖ ವಾಪಸ್ಸು. ಮನೇಲಿ ಏನಾಗ್ತಿದೆ ಅಂತ ಕೇಳೋರೇ ಇರ್ಲಿಲ್ಲ" ಎನ್ನುತ್ತಾರೆ.

ಅದನ್ನು ಕೇಳಲು ಶುರುಮಾಡಿದವಳು ನನ್ನ ತಂಗಿ. ರೋಗಿಯ ಜೊತೆಗೆ ಇಡೀ ಮನೆಯವರನ್ನು ಕೂರಿಸಿ ಮಾತಾಡಿಸುವ ಆ ಕೋಣೆ ಅವಳು ಕಟ್ಟಿದ್ದು. ಅವಳು ಹೋದ ಮೇಲೆ ಆಸ್ಪತ್ರೆಯವರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: ಅರ್ಹತೆ ಪಡೆದವರು ಸಿಕ್ಕರೆ ಸರಿ, ಇಲ್ಲವಾದರೆ ಕೋಣೆಗೆ ಬೀಗ. ನರ್ಸಕ್ಕನಿಗೆ ಆ ಅರ್ಹತೆ ಕೊಡುವ ಪ್ರಾಯೋಗಿಕ ಪರೀಕ್ಷೆಗೆ ಆಗ ಉಳಿದದ್ದು ಹದಿನೇಳು ದಿನ. ಅದೂ ಎರಡನೆಯ ಅವಕಾಶ, ಮೂರನೆಯದು ಇಲ್ಲ.

ಮೊದಲ ಸಲ ಅವರು ಸೋತದ್ದು ವಿಚಿತ್ರವಾದ ತಪ್ಪಿಗೆ. ಪರೀಕ್ಷಕರ ಎದುರು ಒಬ್ಬ ತಾಯಿ ಅಳತೊಡಗಿದಾಗ ಇವರು ತಟ್ಟನೆ ಎದ್ದು ಹೋಗಿ ಕಣ್ಣು ಒರೆಸಿದರು. ಆಕೆ ಅಳು ನುಂಗಿಕೊಂಡು "ಏನಿಲ್ಲ ಬಿಡಿ" ಎಂದವಳು ಆಮೇಲೆ ತುಟಿ ಬಿಚ್ಚಲಿಲ್ಲ. "ನರ್ಸ್ ಕೈ ನೋಡಿ, ಒದ್ದೆ ಕಂಡ್ರೆ ಒರೆಸ್ಬಿಡುತ್ತೆ!" ಎಂದು ನಗುತ್ತಾರೆ. "ಡಾಕ್ಟ್ರಮ್ಮ ಚೆನ್ನಾಗಿ ಬೈದ್ರು. 'ಇನ್ನು ಅಳ್ಬೇಡ, ಬಾಯ್ಮುಚ್ಚು ಅಂದಂಗಾಯ್ತಲ್ಲೇ' ಅಂದ್ರು."

ಇಂದು ಪರೀಕ್ಷೆ. ಹೊರಗಿನ ಬೆಂಚಿನ ಮೇಲೆ ನಾನು ಮತ್ತು ಎಲೆಕ್ಟ್ರಿಷಿಯನ್ ಆಗಿರುವ ನರ್ಸಕ್ಕನ ಪತಿ.

"ಮನೇಲೂ ಇದೇ ಪ್ರಾಕ್ಟೀಸು ಯಜಮಾನ್ರೇ" ಎನ್ನುತ್ತಾರೆ ಅವರು. "ನಾನು ಏನೋ ಒದರ್ತಿದ್ರೆ ಸುಮ್ನೆ ನೋಡ್ತಾ ಕೂರ್ತಾಳೆ. ತಡೀಲಾರ್ದೆ, ಮಾಡದೇ ಇರೋ ತಪ್ಪನ್ನೂ ಒಪ್ಕೊಂಡ್ಬಿಡ್ತೀನಿ!"

ನಗುತ್ತಲೇ ಮತ್ತೆ ಮತ್ತೆ ಮುಚ್ಚಿದ ಬಾಗಿಲ ಕಡೆ ನೋಡುತ್ತಾರೆ. ಒಳಗೆ ಪರೀಕ್ಷಕರ ಮುಂದೆ ಒಂದು ಕುಟುಂಬವಿದೆ: ತಂದೆ, ತಾಯಿ, ಹದಿನಾಲ್ಕರ ಮಗಳು. ತಮ್ಮ ಸತ್ತಂದಿನಿಂದ ಆ ಹುಡುಗಿ ಮನೆಯಲ್ಲಿ ಮಾತೇ ಆಡಿಲ್ಲ.

ಐವತ್ತು ನಿಮಿಷ ಕಳೆದು ಬಾಗಿಲು ತೆರೆಯುತ್ತದೆ. ಮೊದಲು ಹೊರಬಂದ ತಂದೆ ನಮ್ಮ ಪಕ್ಕ ಕುಸಿದು ಕೂರುತ್ತಾರೆ. ಮನೆಯವರ ಒಪ್ಪಿಗೆಯಿಂದಲೇ ಅವರ ಮಾತನ್ನು ಬರೆಯುತ್ತಿದ್ದೇನೆ.

"ನನ್ನವಳು ಅಳೋಕೆ ಶುರು ಮಾಡಿದ್ಲು. ಆ ಮೇಡಂ ಕದಲಲಿಲ್ಲ, ಕೈನ ತೊಡೆ ಕೆಳಗೆ ಇಟ್ಕೊಂಡು ಕೂತಿದ್ರು. ಎಂಥ ಕಲ್ಲು ಮನಸ್ಸು ಅಂತ ಕೋಪ ಬಂತು ನಂಗೆ. ಆಗ ಮಗಳು ಎದ್ದು ಹೋಗಿ ಅವಳ ಕಣ್ಣು ಒರೆಸಿದ್ಲು. 'ಅಳಮ್ಮ, ನಾನೂ ಅಳ್ತೀನಿ' ಅಂದ್ಲು ಸಾರ್! ನಾಲ್ಕು ತಿಂಗಳಾಗಿತ್ತು ಆ ದನಿ ಕೇಳಿ!"

ಮಧ್ಯಾಹ್ನ ಒಂದಕ್ಕೆ ಫಲಿತಾಂಶ. ಪಾಸು! ವಾರ್ಡಿನ ಆಯಾಗಳು, ವಾಚ್‌ಮನ್ ಎಲ್ಲರೂ ಓಡಿಬರುತ್ತಾರೆ. ಪತಿ ಗೋಡೆಗೆ ಒರಗುತ್ತಾರೆ. ನರ್ಸಕ್ಕ ಮಾತ್ರ ಗಡಿಯಾರ ನೋಡುತ್ತಾರೆ. "ಎರಡು ಗಂಟೆ ಇಂಜೆಕ್ಷನ್ ಯಾರು ಕೊಡ್ತಾರೆ? ಬಿಡ್ರೋ ದಾರಿ!" ಓಡುತ್ತಲೇ ತಿರುಗಿ ನನಗೆ ಹೇಳುತ್ತಾರೆ, "ಅಣ್ಣಾ, ಸೋಮವಾರ ಮೂರು ಮನೆಯವರನ್ನ ಕರೆದಿದೀನಿ. ಡಾಕ್ಟ್ರಮ್ಮ ಅರ್ಧಕ್ಕೆ ಬಿಟ್ಟು ಹೋದೋರು. ಅವರಿಂದ್ಲೇ ಶುರು."

ದಯಾಮಯನಾದ ಭಗವಂತನೇ, ಅರ್ಧಕ್ಕೆ ಬಿಟ್ಟುಬಂದೆನೆಂದು ನನ್ನ ತಂಗಿ ಅಲ್ಲಿ ಕೊರಗುತ್ತಿದ್ದರೆ ಈ ಮಾತನ್ನು ಅವಳಿಗೆ ತಲುಪಿಸು. ದಣಿದ ಜೀವಕ್ಕೆ ನಿನ್ನ ಮಡಿಲಲ್ಲಿ ಶಾಂತಿ ಕೊಡು.