ಹಲ್ಲಿನ ಗುರುತಿರುವ ಮುಚ್ಚಳ

ಆಯುಧಪೂಜೆಯ ಹಿಂದಿನ ದಿನ ಡ್ರಾಯರುಗಳನ್ನೆಲ್ಲ ಮಗುಚಿ ಹಾಕುವುದು ನಮ್ಮ ಮನೆಯ ಪದ್ಧತಿ. ಇಕ್ಕಳ, ಕತ್ತರಿ, ಸ್ಕ್ರೂಡ್ರೈವರು, ಹೈಸ್ಕೂಲಿನ ವಿಜ್ಞಾನ ಮೇಷ್ಟರಾದ ನನ್ನ ಹಳೆಯ ಭೂತಗನ್ನಡಿ, ಎಲ್ಲಕ್ಕೂ ಮರುದಿನ ಕುಂಕುಮವಾಗಬೇಕು. ಚಾಮರಾಜನಗರದ ಮಾರುಕಟ್ಟೆಯಿಂದ ತಂದ ಚೆಂಡುಹೂವಿನ ಚೀಲ ಮೂಲೆಯಲ್ಲಿ ಕೂತು ಮನೆತುಂಬ ಘಾಟು ಬಿಡುತ್ತಿತ್ತು. ಆ ಹೊತ್ತಿನಲ್ಲಿ ಕಾಲೇಜು ಓದುವ ನನ್ನ ಮಗಳ ಕೈಗೆ ಒಂದು ಕಪ್ಪು ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿತು.

"ಅಪ್ಪ, ಇದು ಲೆನ್ಸಿನ ಮುಚ್ಚಳ ತಾನೇ? ಇದರ ಕ್ಯಾಮೆರಾ ಎಲ್ಲಿ?"

"ಕ್ಯಾಮೆರಾ ಇಲ್ಲ. ಮುಚ್ಚಳ ಮಾತ್ರ."

"ಇದರ ಮೇಲೆ ಹಲ್ಲಿನ ಗುರುತಿದೆಯಲ್ಲಪ್ಪ!"

"ನಿಮ್ಮಪ್ಪನ ಹಲ್ಲೇ ಅದು," ಎಂದು ಅಡುಗೆಮನೆಯಿಂದ ನನ್ನ ಹೆಂಡತಿ ಸರ್ವಮಂಗಳಾಳ ದನಿ ಬಂತು. ಹಿಂದೆಯೇ ನಗುವೂ ಬಂತು.

ಮಗಳ ಕಣ್ಣು ಅರಳಲು ಬೇರೆ ಕಾರಣವೂ ಇತ್ತು. ಹದಿನೈದು ದಿನದಿಂದ ಅವಳು ಜೇಬಿಗೆ ಹಾಕಿಕೊಳ್ಳುವ ಪುಟ್ಟ ಕ್ಯಾಮೆರಾ ಕೊಳ್ಳಲೋ, ಲೆನ್ಸು ಬದಲಾಯಿಸುವ ದೊಡ್ಡದನ್ನು ಕೊಳ್ಳಲೋ ಎಂದು ಒದ್ದಾಡುತ್ತಿದ್ದಾಳೆ. ಫೋನಿನಲ್ಲೇ ಇದೆಯಲ್ಲಮ್ಮ ಎಂದರೆ ನನ್ನನ್ನು ಕರುಣೆಯಿಂದ ನೋಡುತ್ತಾಳೆ. ಈ ವಿಷಯದಲ್ಲಿ ನನಗೂ ಅನುಭವ ಇದೆ, ಮಾರಾಯರೇ. ಒಂದೇ ಒಂದು ಭಾನುವಾರದ ಅನುಭವ, ಆದರೆ ಭರ್ತಿ ಅನುಭವ. ಬಿಡುವಿದ್ದರೆ ಕೇಳಿ.

ಬೇಗೂರಿನಲ್ಲಿ ನನ್ನ ಸೋದರತ್ತೆ ಇದ್ದಾಳೆ, ಪುಟ್ಟತಾಯಮ್ಮ. ಈಗ ಎಂಬತ್ತು ದಾಟಿದೆ. ನಾನು ಹೇಳುವುದು ಹದಿಮೂರು ವರ್ಷದ ಹಿಂದಿನ ಮಾತು. ಅತ್ತೆಯ ಹಟ್ಟಿಯ ನಡುಮನೆಯಲ್ಲಿ ತೀರಿಹೋದ ಮಾವನ ಫೋಟೊ ತೂಗುಹಾಕಿತ್ತು. ಬದುಕಿದ್ದಾಗ ಮಾವ ಒಂಟಿಯಾಗಿ ಫೋಟೊ ತೆಗೆಸಿಕೊಂಡವನೇ ಅಲ್ಲ. ಸತ್ತ ಮೇಲೆ ಯಾವುದೋ ಮದುವೆಯ ಗುಂಪಿನ ಚಿತ್ರದಿಂದ ಅವನೊಬ್ಬನನ್ನು ಬಿಡಿಸಿ ದೊಡ್ಡದು ಮಾಡಿಸಿದ್ದರು. ಬಿಡಿಸುವಾಗ ಪಕ್ಕದವನ ಕೈ ಮಾತ್ರ ಮಾವನ ಹೆಗಲ ಮೇಲೇ ಉಳಿದುಕೊಂಡಿತು, ಹಸಿರು ಹರಳಿನ ಉಂಗುರದ ಸಮೇತ. ಆ ಕೈ ಮಾವನ ದಾಯಾದಿ ಪುಟ್ಟಬಸಪ್ಪನದು. ಆ ಮದುವೆಯಾದ ಮೇಲೆ ಹೊಲದ ಬದುವಿಗಾಗಿ ಇಬ್ಬರೂ ಸಾಯುವವರೆಗೆ ಕೋರ್ಟಿಗೆ ಅಲೆದವರು. ಅತ್ತೆ ದಿನವೂ ಗಾಜು ಒರೆಸುತ್ತಿದ್ದಳು, ಆ ಕೈ ಇರುವ ಮೂಲೆಯನ್ನು ಬಿಟ್ಟು. ಅಲ್ಲಿ ಮಾತ್ರ ಧೂಳು ಅಂಗೈಯಗಲ ಮೆತ್ತಿಕೊಂಡಿರುತ್ತಿತ್ತು.

ಒಂದು ದಿನ ಅತ್ತೆ ನನ್ನನ್ನು ಆ ಫೋಟೊದ ಕೆಳಗೇ ಕೂರಿಸಿಕೊಂಡು ತನ್ನ ಆಧಾರ್ ಕಾರ್ಡು ತೋರಿಸಿದಳು. "ನೋಡ್ಲಾ, ಕೋಳಿ ಕದ್ದು ಸಿಕ್ಕಾಕಂಡೋಳಂಗೆ ಇವ್ನಿ. ನಾಳೆ ನಾನು ಓದ್ಮೇಲೆ ಇದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಆಕ್ಬುಡ್ತೀರಿ. ಮೊಮ್ಮಕ್ಕಳು ಎದ್ರುಕತವೆ. ನಾನು ನಗ್ತಿರ ಫೋಟ ಒಂದು ತಗಿ. ನಾನೊಬ್ಳೇ ಇರ್ಬೇಕು, ಇನ್ನೊಬ್ರ ಕೈಗೀಯಿ ಇರಕೂಡ್ದು."

ಅತ್ತೆಯ ನಗು ನೀವು ನೋಡಿಲ್ಲ. ಅದು ಮೊದಲು ಹೊಟ್ಟೆಯಲ್ಲಿ ಹುಟ್ಟಿ, ಹೆಗಲು ಕುಲುಕಿಸಿ, ಕಣ್ಣಲ್ಲಿ ನೀರು ತರಿಸಿ, ಕೊನೆಗೆ ಬಾಯಿಗೆ ಬರುತ್ತದೆ. ಅಂಥ ನಗು ಒಂದೂ ಫೋಟೊದಲ್ಲಿಲ್ಲ ಎಂದು ಅವತ್ತು ಹೊಳೆದು ನನಗೆ ನಿಜವಾಗಿ ಸಂಕಟವಾಯಿತು. ಕ್ಯಾಮೆರಾ ಕೊಂಡೇಬಿಡುತ್ತೇನೆ ಎಂದು ನಿರ್ಧರಿಸಿದೆ.

ಯಾವುದು ಎಂಬಲ್ಲಿ ಜಗಳ ಶುರುವಾಯಿತು. ಸರ್ವಮಂಗಳಾ ಚಿಕ್ಕದರ ಪಕ್ಷ. ನಾನು ದೊಡ್ಡದರ ಪಕ್ಷ. ನನ್ನ ವಾದದಲ್ಲಿ ಬೆಳಕಿನ ವಕ್ರೀಭವನ, ಮಸೂರದ ಸಂಗಮದೂರ ಎಲ್ಲ ಬರುತ್ತಿದ್ದವು. ಅವಳ ವಾದ ಒಂದೇ: "ದೊಡ್ಡದನ್ನ ನೀವು ಬೀರುವಿನಲ್ಲಿ ಇಟ್ಟು ಬೀಗ ಹಾಕ್ತೀರಿ." ನಮ್ಮ ಕಲಹ ನೋಡಲಾರದೆ, ಕ್ಯಾಮೆರಾ ಮಾರುವ ಸ್ಟುಡಿಯೊ ಮಾದೇವ ಎರಡನ್ನೂ ಮೇಜಿನ ಮೇಲೆ ಇಟ್ಟು ಹೇಳಿದ: "ಸಾ, ಎರಡೂ ತಕ್ಕಂಡೋಗಿ. ಬಾನುವಾರ ಸಂಜೆ ಬೇಡವಾದ್ದ ತಂದುಕೊಡಿ. ದೊಡ್ಡದ್ರ ಜೊತೆ ಉದ್ದ ಲೆನ್ಸೂ ಕೊಡ್ತೀನಿ. ದೂರದಿಂದ ಒಡೀರಿ, ಅವ್ರಿಗೆ ಗೊತ್ತೇ ಆಗದಿಲ್ಲ."

ಆಗಿನ್ನೂ ಪುಟ್ಟವಳಾಗಿದ್ದ ಮಗಳನ್ನು ನನ್ನ ಅಮ್ಮನ ಬಳಿ ಬಿಟ್ಟು ನಾವಿಬ್ಬರೂ ಹೊರಟೆವು. ದೊಡ್ಡ ಕ್ಯಾಮೆರಾ ಕೊರಳಿಗೆ ಬಿದ್ದೊಡನೆ ಮನುಷ್ಯನ ನಡಿಗೆಯೇ ಬದಲಾಗುತ್ತದೆ, ಬೇಕಾದರೆ ಪರೀಕ್ಷೆ ಮಾಡಿ ನೋಡಿ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು "ಪೇಪರ್‌ನೋರಾ ಸಾ?" ಎಂದು ಕೇಳಿ ಮುಂದಿನ ಸೀಟು ಖಾಲಿ ಮಾಡಿಸಿಕೊಟ್ಟ. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಎನ್ನಲಿಲ್ಲ. ಸರ್ವಮಂಗಳಾ ಬೇಗೂರು ಬರುವವರೆಗೆ ಕಿಟಕಿಯ ಕಡೆ ತಿರುಗಿ ಕುಲುಕುಲು ನಗುತ್ತಿದ್ದಳು. ಅವಳ ಕ್ಯಾಮೆರಾ ಅವಳ ಪರ್ಸಿನಲ್ಲಿ ಬಾಚಣಿಗೆಯ ಪಕ್ಕ ಮಲಗಿತ್ತು.

ಬೇಗೂರಿನ ಬೀದಿಗೆ ಕಾಲಿಟ್ಟದ್ದೇ ತಡ, ಸ್ಟುಡಿಯೊದವರು ಬಂದಿದ್ದಾರೆ ಎಂದು ಸುದ್ದಿ ಹಬ್ಬಿತು. ಒಬ್ಬ ಹೊಸ ಟಿಲ್ಲರಿನ ಮೇಲೆ ಹತ್ತಿ ಕೂತ. ಇನ್ನೊಬ್ಬ ಜೋಡೆತ್ತುಗಳ ಮೈ ತೊಳೆಸಿ ಹಿಡಿದುಕೊಂಡು ಬಂದ. ಮತ್ತೊಬ್ಬರು ಬಿಳಿ ಗೋಡೆಗೆ ಬೆನ್ನು ಕೊಟ್ಟು ನಿಂತು, "ಪಾಸ್‌ಪೋರ್ಟ್ ಸೈಜು ಸಾಕು ಕಣಪ್ಪ," ಎಂದರು. ಬೇಡ ಎನ್ನುವ ಧೈರ್ಯ ನನಗೆಲ್ಲಿ? ಎತ್ತುಗಳೂ ಸೇರಿದಂತೆ ಎಲ್ಲರನ್ನೂ ತೆಗೆದೆ. ಎತ್ತುಗಳು ಚೆನ್ನಾಗಿ ಬಂದವು.

ಅತ್ತೆಯೋ ಕ್ಯಾಮೆರಾ ಕಂಡವಳೇ ಒಳಗೆ ಹೋದಳು. ಅರ್ಧ ಗಂಟೆ ಬಿಟ್ಟು ಬಂದಾಗ ರೇಷ್ಮೆ ಸೀರೆ, ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು. ಕುರ್ಚಿಯಲ್ಲಿ ಕೂತು ಎರಡೂ ಕೈ ಮಂಡಿಗೆ ಊರಿ, ನ್ಯಾಯಾಧೀಶರ ಎದುರು ಕೂತಂತೆ ಕೂತಳು. "ನಗು ಅತ್ತೆ," ಎಂದೆ. "ನಗ್ತಾನೇ ಇವ್ನಿ ಕಣ್ಲಾ," ಎಂದಳು ಹಲ್ಲು ಕಚ್ಚಿಕೊಂಡು. ನಲವತ್ತು ಸಲ ಹೊಡೆದೆ. ನಲವತ್ತೂ ಆಧಾರ್ ಕಾರ್ಡೇ.

ಸರ್ವಮಂಗಳಾ ತನ್ನದನ್ನು ಹೊರತೆಗೆದಾಗ ಅತ್ತೆ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಇದ್ಯಾನಮ್ಮಿ, ಸೋಪಿನ ಡಬ್ಬಿ ಇದ್ದಂಗದೆ. ಮಡಿಕ್ಕೊ, ಕಳ್ದೋದಾತು." ಅತ್ತೆಯ ಲೆಕ್ಕದಲ್ಲಿ ಅದು ಕ್ಯಾಮೆರಾ ಅಲ್ಲವೇ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಮಧ್ಯಾಹ್ನ ಊಟ ಮುಗಿಸಿ, ರೇಷ್ಮೆ ಕಳಚಿಟ್ಟು, ಅತ್ತೆ ಸರ್ವಮಂಗಳಾಳನ್ನೂ ಕರೆದುಕೊಂಡು ಚೆಂಡುಹೂವಿನ ಹೊಲಕ್ಕೆ ನಡೆದಳು. ಹೆದ್ದಾರಿಯ ಮಗ್ಗುಲಲ್ಲೇ ಹೊಲ. ಕೇರಳದ ಕಾರುಗಳು ನಿಂತು ಹೂವಿನ ನಡುವೆ ಫೋಟೊ ತೆಗೆದುಕೊಂಡು ಹೋಗುವ ಕಾಲ ಅದು. ಈಗ ನನ್ನ ಗುಟ್ಟಿನ ಯೋಜನೆ: ಹೂವಿನ ಗಿಡಗಳ ಮರೆಯಲ್ಲಿ ಅಡಗಿ, ಉದ್ದ ಲೆನ್ಸು ಹಾಕಿ, ಅತ್ತೆಗೆ ತಿಳಿಯದಂತೆ ಹೊಡೆಯುವುದು. ಹೊಲದ ನಡುವೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಗಾಳಿ ಬೀಸುತ್ತಿತ್ತು, ಧೂಳು ಒಳಗೆ ಹೋಗಬಾರದೆಂದು ಬೆನ್ನು ಬಗ್ಗಿಸಿದೆ. ಗಿಡ್ಡ ಲೆನ್ಸು ಕಳಚಿ ಜೇಬಿಗೆ ಹಾಕಿದೆ. ಉದ್ದದ್ದು ಬಲಗೈಯಲ್ಲಿ, ಅದರ ಮುಚ್ಚಳ ಬಾಯಲ್ಲಿ. ಲೆನ್ಸು ಕೂರುವ ಕಡೆ ಕೂರಲೊಲ್ಲದು. ತಿರುಚಿದೆ, ಮುಕ್ಕರಿದೆ.

"ಯಾಕ್ಲಾ, ಒಟ್ಟೆ ಸರಿಯಿಲ್ವಾ?" ಹೊಲದ ಆ ತುದಿಯಿಂದ ಅತ್ತೆಯ ಕೂಗು. "ಊವಿನ್ ಸಾಲಲ್ಲಿ ಕೂತ್ಕಬ್ಯಾಡ ಕಣ್ಲಾ, ದೇವ್ರಿಗೋಗ ಊವು! ಅತ್ಲಾಗೆ ಬೇಲಿ ತವಕೆ ಓಗು! ಚೊಂಬು ಕಳಿಸ್ಲಾ?"

ಹೆದ್ದಾರಿಯ ಬದಿಯ ಮಲಯಾಳಿಗಳೆಲ್ಲ ನನ್ನ ಕಡೆ ತಿರುಗಿದರು. ಕೂಗಿನ ಅರ್ಥ ಹೇಳಲು ಯಾರೂ ಬೇಕಿರಲಿಲ್ಲ, ನಾನು ಕೂತ ಭಂಗಿಯೇ ಸಾಕಿತ್ತು. ನಾನು ದಡಬಡಿಸಿ ಎದ್ದು ಅತ್ತೆಯ ಕಡೆಗೆ ಓಡಿದೆ. ಕೊರಳಲ್ಲಿ ಲೆನ್ಸಿಲ್ಲದ ಕ್ಯಾಮೆರಾ, ಕೈಯಲ್ಲಿ ಕ್ಯಾಮೆರಾ ಇಲ್ಲದ ಲೆನ್ಸು. ಅಲ್ಲ ಅತ್ತೆ, ಹಾಗಲ್ಲ ಅತ್ತೆ ಎಂದು ಹೇಳಬೇಕು, ಆದರೆ ಬಾಯಲ್ಲಿ ಮುಚ್ಚಳ ಕಚ್ಚಿಕೊಂಡಿದ್ದೇನೆ ಎಂಬುದೇ ಮರೆತಿತ್ತು. "ಊಂ! ಊಂ ಊಂ!" ಎಂಬುದಷ್ಟೇ ಹೊರಟಿತು.

ಅತ್ತೆ ನನ್ನನ್ನು ನೋಡಿದಳು, ಲೆನ್ಸು ನೋಡಿದಳು, ಬಾಯಿ ನೋಡಿದಳು. ಹೊಟ್ಟೆಯಿಂದ ಹೊರಟಿತು ನೋಡಿ ಆ ನಗು. ಹೆಗಲು ಕುಲುಕಿತು, ಸೆರಗು ಜಾರಿತು, ಹೂವಿನ ಬುಟ್ಟಿ ಉರುಳಿತು, ಕಾಲು ಸಾಲಿನಲ್ಲಿ ತೊಡರಿ ಅತ್ತೆಯೂ ಉರುಳುವುದರಲ್ಲಿದ್ದಳು. ನಾನು ಎಡಗೈ ಚಾಚಿ ಹೆಗಲು ಹಿಡಿದುಕೊಂಡೆ. ಅಷ್ಟರಲ್ಲಿ ಸೋಪಿನ ಡಬ್ಬಿ ಟಿಕ್ ಎಂದಿತು. ಆ ಚಿಕ್ಕ ಕ್ಯಾಮೆರಾಗೆ ಒಂದು ದುರ್ಗುಣವಿತ್ತು. ಗುಂಡಿ ಒತ್ತಿದ ಮೇಲೆ ಒಂದು ಗಳಿಗೆ ಯೋಚಿಸಿ ಆಮೇಲೆ ತೆಗೆಯುತ್ತಿತ್ತು. ಸರ್ವಮಂಗಳಾ ಒತ್ತಿದ್ದು ನಗು ಶುರುವಾದಾಗ, ಅದು ತೆಗೆದದ್ದು ನಗು ತುಂಬಿ ಬಂದಾಗ.

ಸಂಜೆ ಮಾದೇವ ದೊಡ್ಡದನ್ನು ವಾಪಸು ಪಡೆಯುವಾಗ ಮುಚ್ಚಳ ಬೆಳಕಿಗೆ ಹಿಡಿದ. "ಸಾ, ಇದ್ರ ಮೇಲೆ ಅಲ್ಲಿನ ಗುರ್ತು ಅದೆ," ಎಂದ. ಬಹಳ ಮರ್ಯಾದೆಯಿಂದ ಅದನ್ನು ನನ್ನ ಜೇಬಿಗೇ ಹಾಕಿದ.

ಅತ್ತೆಯನ್ನಷ್ಟೇ ಉಳಿಸಿ ಮಾಡಿಸಿದ ಚಿತ್ರ ದೊಡ್ಡದಾಗಿ ಬಂತು. ಅತ್ತೆಯ ಹೆಗಲ ಮೇಲೆ ಚೆಂಡುಹೂವಿನ ಎಸಳು ಮೆತ್ತಿದ ನನ್ನ ಕೈಯೂ ದೊಡ್ಡದಾಗಿಯೇ ಬಂತು. ಅವಳು ಬೇಡ ಎಂದದ್ದು ಅದೊಂದೇ. ಮಾದೇವ ಕಂಪ್ಯೂಟರಿನಲ್ಲಿ ಕೈ ಅಳಿಸಿ ಇನ್ನೊಂದು ಪ್ರಿಂಟು ಹಾಕಿಕೊಟ್ಟ. ಎರಡನ್ನೂ ಬೇಗೂರಿಗೆ ಒಯ್ದು ಅತ್ತೆಯ ಮುಂದೆ ಇಟ್ಟು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ ನಿಂತೆ.

ಅತ್ತೆ ಎರಡನ್ನೂ ಬಹಳ ಹೊತ್ತು ನೋಡಿದಳು. ಕೈಯಿಲ್ಲದ್ದನ್ನು ನನಗೇ ವಾಪಸು ಕೊಟ್ಟಳು. "ಇದ್ರಲ್ಲಿ ಒಬ್ಳೇ ನಗ್ತಾ ಬಿದ್ದೋಯ್ತಾ ಇವ್ನಲ್ಲ, ನೋಡ್ದೋರು ಯಾನಂದ್ಕಂಡಾರು? ಅದು ಇರ್ಲಿ ಬುಡು. ನಿನ್ ಕೈ ತಾನೇ."

ಆಮೇಲೆ ಗೋಡೆಯ ಮೇಲಿನ ಮಾವನ ಫೋಟೊದ ಕಡೆ ತಿರುಗಿದಳು. "ಆ ಮದ್ವೇಲಿ ಅವ್ರಿಬ್ರೂ ಒಂದೇ ತಟ್ಟೇಲಿ ಉಂಡಿದ್ರು ಕಣ್ಲಾ. ಬದು ತಗಾದೆ ಬಂದದ್ದು ಆಮ್ಯಾಕೆ." ಎದ್ದು ಹೋಗಿ ಸೆರಗಿನ ತುದಿಯಿಂದ ಮಾವನ ಫೋಟೊದ ಆ ಮೂಲೆಯನ್ನೂ ಒರೆಸಿದಳು. ವರ್ಷಗಳ ಧೂಳಿನ ಕೆಳಗಿಂದ ಹಸಿರು ಹರಳು ಕಂಡಿತು.

ಇಷ್ಟನ್ನೂ ಮಗಳಿಗೆ ಹೇಳಿ ಮುಗಿಸುವ ಹೊತ್ತಿಗೆ ಅವಳು ಚೆಂಡುಹೂವಿನ ರಾಶಿಯ ಮೇಲೆ ಉರುಳಿ ನಗುತ್ತಿದ್ದಳು. ನಗು ಅತ್ತೆಯ ಕಡೆಯಿಂದಲೇ ಬಂದದ್ದು ಎಂದು ನನಗೆ ಅನುಮಾನವೇ ಉಳಿಯಲಿಲ್ಲ. ತಡೆಯಲಾರದೆ ಅಲ್ಲೇ ಅತ್ತೆಗೆ ಫೋನು ಹಚ್ಚಿದಳು. ಆ ಕಡೆಯಿಂದ ಬಂದ ದನಿ ಮನೆಗೆಲ್ಲ ಕೇಳಿಸಿತು.

"ಒಳ್ಳೇ ಟೇಮಿಗೆ ಮಾಡ್ದೆ ಕಣಮ್ಮಿ. ನಿಮ್ಮಪ್ಪಂಗೆ ಏಳು, ಆ ಫೋಟ ಅಳೇದಾಗೋಯ್ತು. ಸಾಯ್ತೀನಿ ಅಂತ ತಗ್ಸಿದ್ದು, ಸಾಯ್ನೇ ಇಲ್ಲ. ಅದ್ರಲ್ಲಿರೋಳು ಬಲು ಎಳೇ ಎಂಗಸು. ಈಗ ಅದ ತೂಗಾಕುದ್ರೆ ಯಾರೋ ಬ್ಯಾರೆಯೋಳು ಸತ್ತವ್ಳೆ ಅಂದ್ಕತಾರೆ. ಒಸಾದು ತಗೀಬೇಕು, ಬಾನುವಾರ ಎಲ್ರೂ ಬನ್ನಿ."

ಮಗಳು ಫೋನು ಇಟ್ಟು ನನ್ನ ಕಡೆ ತಿರುಗಿದಳು. "ಈಗ ಹೇಳಪ್ಪ, ಚಿಕ್ಕದು ತಗೊಳ್ಳಲೋ, ದೊಡ್ಡದೋ?"

ವಕ್ರೀಭವನ ನಾಲಗೆಯ ತುದಿಯವರೆಗೆ ಬಂದಿತ್ತು, ನುಂಗಿಕೊಂಡೆ. ಮುಚ್ಚಳವನ್ನು ಒರೆಸಿ ಇಕ್ಕಳ, ಕತ್ತರಿಗಳ ಸಾಲಿನಲ್ಲೇ ಪೂಜೆಗೆ ಇಟ್ಟೆ.

"ಯಾವುದಾದರೂ ತಗೋಮ್ಮ," ಎಂದೆ. "ತೆಗೆಯುವವಳು ನೀನು. ನಾನು ಅತ್ತೆಯ ಹೆಗಲ ಮೇಲೆ ಕೈ ಇಡುವುದಕ್ಕೆ ಬರುತ್ತೇನೆ."