ಜೇಬಿಗೆ ಹೊಲಿದ ಬಲಗೈ

"ಹದಿಮೂರು ವರ್ಷ ಆಡಿದೀನಿ ಅಮ್ಮಾ, ಹೊಟ್ಟೆಪಾಡಿಗೆ ಟೆನಿಸ್ಸೇ. ಸುತ್ತದ ಊರಿಲ್ಲ. ಎಷ್ಟೋ ಕಡೆ ಮೊದಲ ದಿನವೇ ಸೋತು, ಬಿಚ್ಚದ ಪೆಟ್ಟಿಗೇನ ಹಾಗೇ ಎತ್ಕೊಂಡು ವಾಪಸ್ ಬಂದಿದೀನಿ, ಅದು ಬೇರೆ ಮಾತು. ಆದ್ರೆ ಚೆಂಡನ್ನ ನೆಟ್ ಪಕ್ಕದಲ್ಲೇ ಮೆಲ್ಲಗೆ ಬೀಳಿಸೋದಿದೆಯಲ್ಲ, ಅದರಲ್ಲಿ ನನ್ನನ್ನ ಮೀರಿಸಿದೋರಿಲ್ಲ. ಒಂದ್ಸಲ ದೊಡ್ಡ ಆಟಗಾರನೊಬ್ಬ ಅದರ ಹಿಂದೆ ಓಡಿ ನೆಟ್‌ಗೇ ಸಿಕ್ಕಿಹಾಕ್ಕೊಂಡ. ಬಿಡಿಸೋಕೆ ಮೂರು ಜನ ಬೇಕಾಯ್ತು. ಆ ಆಟಾನೂ ನಾನೇ ಸೋತೆ ಅನ್ನಿ. ಈಗ ನೋಡಿ, ತುಂಬಾ ಸುಲಭ. ಹೀಗೆ!"

ಹೀಗೆ ಎಂದವನೇ ಕೋಚ್ ಚೆಂಡನ್ನು ನೆಟ್‌ನ ಆಚೆ ಹೂವಿನಂತೆ ಇಳಿಸಿದ. ಹಲ್ಲಿನ ಡಾಕ್ಟರಮ್ಮ ಓಡಿ ಬರುವಷ್ಟರಲ್ಲಿ ಚೆಂಡು ಪುಟಿದು ಪುಟಿದು ಮಲಗಿತ್ತು.

"ನಾನು ಕಲಿಯೋಕೆ ಬಂದ್ನೋ, ನೀವು ಗೆಲ್ಲೋದು ನೋಡೋಕೆ ಬಂದ್ನೋ?" ಎಂದರು ಆಕೆ ಏದುಸಿರು ಬಿಡುತ್ತಾ.

ಅವನಿಗೇನೂ ಗೆಲ್ಲುವ ಹಟವಿರಲಿಲ್ಲ. ಕೈ ಮಾತು ಕೇಳಬೇಕಲ್ಲ! ಹೀಗೆ ಸೋತು ಸೋತು ಬೇಸತ್ತು ಬಿಟ್ಟವರು ಹೋಗಿ, ಇಪ್ಪತ್ತು ಜನ ಶಿಷ್ಯರಲ್ಲಿ ಉಳಿದವರು ನಾಲ್ಕೇ ಜನ. ತಿಂಗಳ ಕೊನೆಗೆ ಹತ್ತಾಗದಿದ್ದರೆ ಬೇರೆ ಕೋಚ್ ನೋಡಿಕೊಳ್ಳುತ್ತೇವೆಂದು ಕ್ಲಬ್ಬಿನ ಕಾರ್ಯದರ್ಶಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ನಲವತ್ತೊಂದಾಗಿತ್ತು ಅವನಿಗೆ. ಬೇರೆ ಕೆಲಸ ಒಂದೂ ಬರುತ್ತಿರಲಿಲ್ಲ.

ಸಂಜೆ ಅಕ್ಕನ ಟೈಲರ್ ಅಂಗಡಿಯಲ್ಲಿ ಎಲ್ಲ ಹೇಳಿಕೊಂಡು ಮುಖ ಇಳಿಬಿಟ್ಟು ಕೂತ.

"ಬಲಗೈ ಜೇಬಲ್ಲಿಟ್ಕೊಂಡು ಎಡಗೈಲಿ ಆಡೋ," ಎಂದಳು ಅಕ್ಕ, ಹೊಲಿಗೆ ಯಂತ್ರ ನಿಲ್ಲಿಸದೆ.

"ಇಟ್ಟು ನೋಡಿದೀನಿ ಕಣೆ. ಚೆಂಡು ಕಂಡ ಕೂಡ್ಲೆ ಆಚೆ ಬಂದ್ಬಿಡುತ್ತೆ."

"ಹೆಂಗೆ ಬರುತ್ತೋ ನಾನೂ ನೋಡ್ತೀನಿ."

ಬೆಳಗ್ಗೆ ಸೂಜಿ ದಾರ ಹಿಡಿದು ಅಂಕಣಕ್ಕೇ ಬಂದಳು. ಅವನ ಬಲಗೈ ಜೇಬಿಗಿಳಿಸಿ, ಜಾಕೆಟ್ಟಿನ ತೋಳಿನ ತುದಿಯನ್ನು ಪ್ಯಾಂಟಿನ ಜೇಬಿನ ಬಾಯಿಗೆ ಸೇರಿಸಿ ಸುತ್ತಲೂ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು.

"ಸಾರ್, ಬಲಗೈ ರಜೆ ಮೇಲಾ?" ಎಂದ ನಿವೃತ್ತ ಬಸ್ ಕಂಡಕ್ಟರ್. ಉಳಿದ ನಾಲ್ವರಲ್ಲಿ ಅವನೂ ಒಬ್ಬ.

ಕೋಚ್ ಎಡಗೈಯಲ್ಲಿ ಹೊಡೆದ ಮೊದಲ ಚೆಂಡು ಗೋಡೆ ದಾಟಿತು. ಎರಡನೆಯದು ತನ್ನದೇ ಕಾಲಿಗೆ ಬಡಿಯಿತು. ಮೂರನೆಯದಕ್ಕೆ ಅಕ್ಕ ಕೊಡೆ ಬಿಚ್ಚಿ ಅದರ ಹಿಂದೆ ಕೂತಳು. ಅವನಿಗೆ ಬೆವರಿಳಿಯಿತು. ಎಳೆ ಮಗುವಿಗೆ ನಡಿಗೆ ಕಲಿಸುವವರ ಹಾಗೆ ತನಗೆ ತಾನೇ ಹೇಳಿಕೊಳ್ಳತೊಡಗಿದ: "ಮೊದಲು ಭುಜ ತಿರುಗಿಸು. ಮಂಡಿ ಬಗ್ಗಿಸು. ಚೆಂಡನ್ನೇ ನೋಡೋ ದಡ್ಡಾ. ಗುದ್ದಬೇಡ, ಮುಂದಕ್ಕೆ ತಳ್ಳು."

ಡಾಕ್ಟರಮ್ಮ ಕೇಳಿಸಿಕೊಂಡು ಭುಜ ತಿರುಗಿಸಿದರು, ಮಂಡಿ ಬಗ್ಗಿಸಿದರು, ತಳ್ಳಿದರು. ಚೆಂಡು ನೆಟ್ ದಾಟಿ ನೀಟಾಗಿ ಗೆರೆಯೊಳಗೆ ಬಿತ್ತು.

"ಇದನ್ನ ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

"ನನಗೇ ಈಗ ಗೊತ್ತಾಯ್ತು ಅಮ್ಮಾ," ಎಂದ ಕೋಚ್, ಬೆಪ್ಪಾಗಿ. ಕೈಗೆ ಗೊತ್ತಿದ್ದದ್ದು ಹದಿಮೂರು ವರ್ಷದಲ್ಲಿ ಬಾಯಿಗೆ ಬಂದೇ ಇರಲಿಲ್ಲ.

ಆ ವಾರವೇ ಡಾಕ್ಟರಮ್ಮ ಅವನನ್ನು ಸೋಲಿಸಿದರು. ಹಿಗ್ಗು ತಡೆಯಲಾರದೆ, ತಮ್ಮ ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವರಿಗೆಲ್ಲ ಟೆನಿಸ್ ಸೇರಿಕೊಳ್ಳಲು ಹೇಳಿದರು. ಬಾಯೊಳಗೆ ಕನ್ನಡಿ ಇಟ್ಟುಕೊಂಡವರು ಬೇಡ ಅನ್ನುವುದಾದರೂ ಹೇಗೆ? ತಿಂಗಳ ಕೊನೆಗೆ ಹನ್ನೊಂದು ಜನರಾದರು.

ಕಾರ್ಯದರ್ಶಿ ತಾವೇ ಬಂದು ಎಣಿಸಿದರು. "ಇರ್ಲಿ, ಮುಂದುವರಿಸಿ. ಕೈಗೇನಾಯ್ತು?"

"ತೆಪ್ಪಗಿರೋದು ಕಲೀತಿದೆ," ಎಂದಳು ಅಕ್ಕ.

ಎಲ್ಲರೂ ಹೋದ ಮೇಲೆ, ದಿನದಂತೆ, ಅವಳು ಬೆಳಗ್ಗೆ ಹಾಕಿದ್ದ ಹೊಲಿಗೆ ಬಿಚ್ಚಿದಳು. ಕೋಚ್ ಜೋಮು ಹಿಡಿದ ಕೈ ಕೊಡವಿಕೊಂಡು, ಪೊರಕೆ ತಗೊಂಡು ಬಿಳಿ ಗೆರೆಗಳ ಮೇಲಿನ ಮಣ್ಣು ಗುಡಿಸತೊಡಗಿದ.