ಕಂಪ್ಯೂಟರಿಗೊಂದು ಕಸೂತಿ ಗವಸು

ಇವತ್ತು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಕಾಫಿ ಫಿಲ್ಟರಿಗೆ ನೀರು ಹೊಯ್ದು, ಚಟ್ನಿ ರುಬ್ಬಲು ಮಿಕ್ಸಿಯ ಗವಸು ತೆಗೆದೆ. ಅಂಚಿಗೆ ನೆರಿಗೆ, ನೆತ್ತಿಯ ಮೇಲೆ ಗುಲಾಬಿ ದಾರದ ತಾವರೆ. ಮಿಕ್ಸಿಗೆ ಅದು ತೀರ ದೊಗಳೆ; ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗೆ ಕಾಣುತ್ತದೆ. ಕಾಣದೆ ಏನು ಮಾಡೀತು? ಅದನ್ನು ಹೊಲಿದದ್ದು ಕಂಪ್ಯೂಟರಿಗೆ.

ನಾವಿರುವ ತೆಲುಗು ನಾಡಿನ ಗಚ್ಚಿಬೌಲಿಯಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ನಮ್ಮ ಅಪಾರ್ಟ್‌ಮೆಂಟಿನ ಗಂಡಸರೆಲ್ಲ ಜಗತ್ತನ್ನೇ ಕಂಪ್ಯೂಟರಿನೊಳಗೆ ತುಂಬುವ ಅವಸರದಲ್ಲಿದ್ದಾಗ ಹೆಂಗಸರಾದ ನಾವು ಸುಮ್ಮನಿರುವುದು ಹೇಗೆ? ಎದುರು ಮನೆಯ ವಸುಧಾ, ಮೈಸೂರಿನವರು, ಸೇವಾ ಮಂಡಳಿಯೊಂದನ್ನು ಕಟ್ಟಿದರು. ಬಡ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುವುದು ಉದ್ದೇಶ. ಯಾರದೋ ಆಫೀಸು ಬೇಡವೆಂದು ಬಿಟ್ಟ ಯಂತ್ರಗಳು ಬಂದು ಕೆಳಗಿನ ಕೋಣೆಯಲ್ಲಿ ಸಾಲಾಗಿ ಕೂತವು. ಕಾನ್ವೆಂಟಿನಲ್ಲಿ ಓದಿದವಳೆಂದು ಪಾಠದ ಹೊಣೆ ನನಗೆ ಬಂತು. ಸಿಸ್ಟರುಗಳು ನನಗೆ ಕಲಿಸಿದ್ದು ಇಂಗ್ಲಿಷು, ವಿಧೇಯತೆ ಮತ್ತು ಕಸೂತಿ. ಇವುಗಳಲ್ಲಿ ಕಂಪ್ಯೂಟರಿಗೆ ಯಾವುದು ಉಪಯೋಗಕ್ಕೆ ಬಂದೀತೆಂದು ಯೋಚಿಸಿ, ಗವಸು ಹೊಲಿದೆ.

ಪಾಠವೆಂದರೆ ಚಪ್ಪಲಿ ಹೊರಗೆ ಬಿಟ್ಟು ಬಂದು ಗವಸು ತೆಗೆಯುವುದು, ಧೂಳು ಒರೆಸುವುದು, ಬೋರ್ಡಿನ ಚಿತ್ರ ನೋಡಿ "ಇದು ಮೌಸ್" ಎಂದು ಒಟ್ಟಿಗೆ ಕೂಗುವುದು, ಮತ್ತೆ ಗವಸು ಹಾಕುವುದು. ಕೋಣೆಯಲ್ಲಿದ್ದ ಒಂದೇ ಪ್ಲಗ್ಗಿಗೆ ಮಂಡಳಿಯ ಚಹಾ ಕೆಟಲ್ಲು ಸಿಕ್ಕಿಸಿತ್ತು. ಚಹಾ ಬಿಟ್ಟು ಸೇವೆ ಮಾಡಲಾದೀತೇ?

ಆ ಹುಡುಗಿಯರಲ್ಲಿ ನಾಗಮ್ಮ ಎಂಬವಳೊಬ್ಬಳಿದ್ದಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು, ಇನ್ನೂ ಹದಿನಾರು ತುಂಬದವಳು. "ಅಕ್ಕಾರ, ಇದು ಚಾಲೂ ಆಗೂದು ಯಾವಾಗ್ರಿ?" ಎಂದು ದಿನಾ ಕೇಳುತ್ತಿದ್ದಳು. "ಮೊದಲು ಭಾಗಗಳ ಹೆಸರು ಕಲಿ" ಎನ್ನುತ್ತಿದ್ದೆ, ನನಗೂ ಅಷ್ಟೇ ಗೊತ್ತಿದ್ದದ್ದರಿಂದ.

ಮಂಡಳಿಯ ಕ್ಯಾಲೆಂಡರಿಗೆ ಫೋಟೋ ಬೇಕಾಯಿತು. ಅಗಲ ಕಣ್ಣಿನ ನಾಗಮ್ಮನನ್ನೇ ಕೂರಿಸಿ, ಕಪ್ಪು ಪರದೆಯ ಮೇಲೆ ಹಳೆಯ ಗ್ರೀಟಿಂಗ್ ಕಾರ್ಡಿನ ಹಿಮದ ಬೆಟ್ಟ ಅಂಟಿಸಿದೆವು. ಅವಳ ಬೆರಳು ಮೆಲ್ಲನೆ ಕೀಲಿಮಣೆಯತ್ತ ಸರಿಯಿತು.

"ಏಯ್, ಏನೂ ಮುಟ್ಟಬೇಡ! ಕೈ ತೊಡೆ ಮೇಲಿಟ್ಟು ಸುಮ್ಮನೆ ಕೂತ್ಕೋ. ನಗು!" ಎಂದರು ವಸುಧಾ. ನಕ್ಕಳು.

ಆ ನಗು ಕ್ಯಾಲೆಂಡರಾಗಿ ಕಟ್ಟಡದ ಮೇಸ್ತ್ರಿಯ ಮನೆಯ ಗೋಡೆಯಲ್ಲಿ ತೂಗುತ್ತಿದ್ದಾಗ ಪಟಾನ್‌ಚೆರುವಿನ ಸಿಮೆಂಟು ಅಂಗಡಿಯವರ ಕಣ್ಣಿಗೆ ಬಿತ್ತು. ಅವರೂ ಯಾದಗಿರಿ ಕಡೆಯವರೇ; ಅಂಗಡಿಗೆ ಹೊಸದಾಗಿ ಕಂಪ್ಯೂಟರ್ ಕೊಂಡಿದ್ದರು, ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ಸಂಬಳ ಕೇಳದ ಗುಮಾಸ್ತೆ ಸೊಸೆಯಾಗಿ ಬರುವುದಾದರೆ ಯಾರಿಗೆ ಬೇಡ? ಹುಡುಗಿ ಹಾಡುವುದು ಬೇಡ, ಕಂಪ್ಯೂಟರ್ ನಡೆಸಿ ತೋರಿಸಿದರೆ ಸಾಕು ಎಂದರು. ಅವಳಪ್ಪ ಒಪ್ಪಿಬಿಟ್ಟ. "ನಮ್ಮ ಕೋಣೆಯಲ್ಲೇ ಹೆಣ್ಣು ನೋಡಲಿ, ಮಂಡಳಿಗೂ ಹೆಸರು" ಎಂದು ವಸುಧಾ ಹಿಗ್ಗಿದರು. ಹಿಗ್ಗಿ ಮುಗಿದ ಮೇಲೆ ಪ್ಲಗ್ಗು ನೆನಪಾಯಿತು.

ಹುಡುಗಿಯರ ಓದಿಗೆ ಸಿಗದ ಕರೆಂಟು ವರನ ಕಡೆಯವರ ಕಣ್ಣಿಗಾಗಿ ತಕ್ಷಣ ಸಿಕ್ಕಿತು. ಕೆಟಲ್ಲಿಗೆ ಗಡೀಪಾರಾಯಿತು. ಕೊಂಡಾಪುರದ ಆಫೀಸಿನಿಂದ ಮರಳಿದ ನನ್ನ ಗಂಡ ಆ ಪ್ಲಗ್ಗಿನಿಂದಲೇ ವಯರು ಎಳೆದು ಯಂತ್ರಗಳನ್ನು ಚಾಲೂ ಮಾಡಿ, ಸಂಜೆಸಂಜೆ ಅವಳಿಗೂ ನನಗೂ ಪಾಠ ಹೇಳಿದರು. ನಾಗಮ್ಮ ತನ್ನ ಹೆಸರು ಬರೆದಳು, ಅಳಿಸಿದಳು, ಮತ್ತೆ ಬರೆದಳು. ನಾನಿನ್ನೂ ಮೌಸಿನ ಬಾಣವನ್ನು ಪರದೆ ತುಂಬ ಹುಡುಕುತ್ತಿದ್ದೆ.

"ಅಕ್ಕಾರ, ಅವ್ರು ನೋಡಿ ಹ್ವಾದ ಮ್ಯಾಲೂ ಇದು ಚಾಲೂ ಇರ್ತೈತೇನ್ರಿ?"

"ಇರುತ್ತೆ. ಬೀಗದ ಕೈ ನನ್ನ ಹತ್ತಿರಾನೇ ಇದೆ."

"ಹಂಗಾರ ನಾ ಪಟಾನ್‌ಚೆರುಗೆ ಹೋಗಂಗಿಲ್ರಿ. ಅಪ್ಪಗ ಹೇಳಿದ್ರ ಕೇಳಂಗಿಲ್ಲ."

ಹೆಣ್ಣು ನೋಡುವ ದಿನ ಮಂಡಳಿಯ ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲಿ ಬಂದೆವು. ವರನ ತಾಯಿ ಕುರ್ಚಿ ಎಳೆದುಕೊಂಡು, "ನಡಸವ್ವಾ, ನೋಡೂಣು" ಎಂದರು. ನಾಗಮ್ಮ ಕೈಗಳನ್ನು ತೊಡೆಯ ಮೇಲಿಟ್ಟು ಕೂತಳು.

"ನಂಗ ಬರಂಗಿಲ್ರಿ. ನಾ ಬರೇ ಧೂಳ ಒರಸ್ತೀನ್ರಿ."

"ಮತ್ತ ಕ್ಯಾಲೆಂಡರ್‌ನ್ಯಾಗ ರಾಣಿಹಂಗ ಕುಂತಿದ್ದಿ?"

"ಹಂಗ ಕುಂದ್ರು ಅಂದ್ರು, ಕುಂತಿದ್ನಿರಿ."

ಅವಳಪ್ಪ ನೆಲ ನೋಡಿದ. ನೆಂಟರು ಎದ್ದುಹೋದರು, ಕೆಟಲ್ಲಿಗೆ ಪ್ಲಗ್ಗಿಲ್ಲದ ಕಾರಣ ಚಹಾ ಕೂಡ ಕುಡಿಯದೆ. "ಏನ್ರೀ ಕಲಿಸಿದ್ರಿ ನೀವು ಇಷ್ಟು ದಿನ?" ಎಂದು ವಸುಧಾ ನನ್ನನ್ನು ತರಾಟೆಗೆ ತೆಗೆದುಕೊಂಡರು. ಅದೇ ಬೆಳಿಗ್ಗೆ ಅವಳು ಪರದೆ ತುಂಬ ಸರಸರ ಬರೆದದ್ದನ್ನು ಕಂಡಿದ್ದ ನಾನು ತಲೆ ತಗ್ಗಿಸಿ ಸುಮ್ಮನೆ ನಿಂತೆ. ವಿಧೇಯತೆಯೂ ಉಪಯೋಗಕ್ಕೆ ಬಂತು, ನೋಡಿ.

ಕರೆಂಟು ಬಂದ ಮೇಲೆ ಅದನ್ನು ಕಿತ್ತುಹಾಕಲು ಯಾರಿಗೂ ನೆನಪಾಗಲಿಲ್ಲ. ಯಂತ್ರಗಳಿಗೆ ಬಿಡುವಿಲ್ಲದಂತಾಗಿ ಗವಸುಗಳಿಗೆ ಕೆಲಸ ತಪ್ಪಿತು; ಒಂದು ನಮ್ಮ ಮನೆ ಸೇರಿತು. ಕಟ್ಟಡ ಮುಗಿದಾಗ ನಾಗಮ್ಮನ ಮನೆಯವರು ಬೇರೆ ಕಡೆ ಹೋದರು. ಆಮೇಲೆ ಸುದ್ದಿಯಿಲ್ಲ.

ಇವತ್ತು ಸಂಜೆ ವಸುಧಾ ಬಂದು ಸೋಫಾದ ಮೇಲೆ ಉಸ್ಸೆಂದು ಕೂತರು. ಗುರುತಿನ ಚೀಟಿಗೆ ಹೊಸ ಫೋಟೋ ತೆಗೆಸಲು ಕೊಂಡಾಪುರದ ಸೇವಾ ಕೇಂದ್ರಕ್ಕೆ ಹೋಗಿದ್ದರಂತೆ.

"ಅಲ್ಲೊಬ್ಬಳು ಇದಾಳೆ ರೀ, ಕಂಪ್ಯೂಟರ್ ಮುಂದೆ. ಗುಲ್ಬರ್ಗಾ ಕಡೆ ಮಾತು, ಅಗಲ ಕಣ್ಣು. ನನ್ನ ಮುಖ ನೋಡಿದ್ಲು, ನೋಡಿದ್ಲು, ಆಮೇಲೆ ಏನಂದ್ಲು ಗೊತ್ತಾ? 'ಏನೂ ಮುಟ್ಟಬ್ಯಾಡ್ರಿ. ಕೈ ತೊಡೀ ಮ್ಯಾಲಿಟ್ಟು ಸುಮ್ನ ಕುಂತ್ಕೋರಿ. ನಗೂದೂ ಬ್ಯಾಡ್ರಿ' ಅಂತ!"

ನನ್ನ ಕೈಯ ಕಾಫಿ ಲೋಟ ಅಲ್ಲೇ ನಿಂತಿತು. ವಸುಧಾ ತಮ್ಮದನ್ನು ಎತ್ತಿಕೊಂಡು, ಒಂದು ಗುಟುಕು ಹೀರಿ ಹೇಳಿದರು:

"ಕಂಪ್ಯೂಟರ್ ಮುಂದೆ ಹೇಗೆ ಕೂತ್ಕೋಬೇಕೂಂತ ನನಗೇ ಹೇಳ್ಕೊಡ್ತಾಳೆ ರೀ!"